ಪೊನ್ನಪ್ಪನಿಗೆ ಪೊನ್ನಪ್ಪನೇ ಪೂರ್ವಜ

ನಮಸ್ಕಾರ. ಮಡಿಕೇರಿಯಲ್ಲಿ ಜೋರು ಮಳೆ. ಕರೆಂಟ್ ಹೋಗುವ ಮುಂಚೆ ವಿಷಯಕ್ಕೆ ಬಂದುಬಿಡುತ್ತೇನೆ.

ಡಿಡಕ್ಟಿವ್ ಡೇಟಾಬೇಸ್. ಕೊಟ್ಟ ಮಾಹಿತಿಗೆ ನಿಯಮ ಹಚ್ಚಿ, ಹೊಸ ಮಾಹಿತಿಯನ್ನು ತಾನೇ ಕಂಡುಕೊಳ್ಳುವ ಡೇಟಾಬೇಸ್. ನಮ್ಮ ಒಕ್ಕದ, ಅಂದರೆ ಒಂದೇ ಮೂಲದ ಕೊಡವ ಕುಟುಂಬದ, ವಂಶವೃಕ್ಷವನ್ನೇ ತಗೊಳ್ಳಿ. ಯಾರ ಅಪ್ಪ ಯಾರು ಅಂತಷ್ಟೇ ಬರೆಯಿರಿ. ಆಮೇಲೆ ಎರಡು ನಿಯಮ: ಅಪ್ಪ ಪೂರ್ವಜ, ಅಪ್ಪನ ಪೂರ್ವಜನೂ ಪೂರ್ವಜ. ಇಂಥ ನಿಯಮ ಬರೆಯುವ ಭಾಷೆಯಾದ ಡೇಟಾಲಾಗ್‌ನಲ್ಲಿ ಇದು ಎರಡೇ ಸಾಲು. ಐನ್‌ಮನೆಯ (ಒಕ್ಕದ ಮೂಲ ಮನೆ) ಮೂಲ ಕಾರಣವನ, ಅಂದರೆ ಮೊದಲ ಹಿರಿಯನ, ತನಕ ಅದೇ ಹತ್ತಿಕೊಂಡು ಹೋಗುತ್ತದೆ. ಮಾಮೂಲಿ ಡೇಟಾಬೇಸ್‌ಗಳ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡಕ್ಕೆ ಹೀಗೆ ಹತ್ತಿಕೊಂಡು ಹೋಗುವ ಶಕ್ತಿ ಬಂದಿದ್ದು 1999ರಲ್ಲಿ.

ಇಂಥ ಸಿಸ್ಟಮ್‌ಗಳನ್ನು ಅಳೆಯುವವರು ಮೊದಲು ನೋಡುವುದು ವೇಗ. ಸರಿ, ಅದರಲ್ಲೂ ಜಾಣತನವಿದೆ. ಕಾಫಿ ಕೊಯ್ಲಿನ ಎರಡನೇ ಸುತ್ತಿನಲ್ಲಿ ಹೊಸದಾಗಿ ಹಣ್ಣಾಗಿದ್ದನ್ನು ಮಾತ್ರ ಕೀಳುತ್ತೇವೆ ಅಲ್ವಾ? ಸೆಮಿ-ನೈವ್ ವಿಧಾನವೂ ಹಾಗೇ, ಹಿಂದಿನ ಸುತ್ತಿನಲ್ಲಿ ಹೊಸದಾಗಿ ಸಿಕ್ಕಿದ್ದರಿಂದಲೇ ಮುಂದುವರಿಯುತ್ತದೆ. 1986ರಲ್ಲಿ ಬಂದ ಮ್ಯಾಜಿಕ್ ಸೆಟ್ಸ್ ಇನ್ನೊಂದು ಉಪಾಯ. ಒಬ್ಬರ ಪೂರ್ವಜರನ್ನು ಕೇಳಿದರೆ ಇಡೀ ಊರಿನವರ ಲೆಕ್ಕ ತೆಗೆಯುವುದಿಲ್ಲ.

ಆದರೆ ನನ್ನ ತಕರಾರು ಬೇರೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದುಂಟು. ಪೊನ್ನಪ್ಪನ ಮಗ ಮುತ್ತಪ್ಪ, ಮುತ್ತಪ್ಪನ ಮಗ ಮತ್ತೆ ಪೊನ್ನಪ್ಪ ಅಂದುಕೊಳ್ಳಿ. ಆಳಿಗೊಂದು ನಂಬರ್ ಕೊಡದೆ ಸುಮ್ನೆ ಹೆಸರಲ್ಲೇ ತುಂಬಿಸಿದರೆ? ಕಂಪ್ಯೂಟರಿಗೆ ಇಬ್ಬರು ಪೊನ್ನಪ್ಪರೂ ಒಬ್ಬನೇ. ನಿಯಮಗಳಲ್ಲೇ ಬರೆಯುವ ಇನ್ನೊಂದು ಭಾಷೆ, ಸಾದಾ ಪ್ರೊಲಾಗ್, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಡೇಟಾಲಾಗ್ ಹಾಗಲ್ಲ. ಇರುವ ಹೆಸರುಗಳೇ ಇಷ್ಟು, ಹೊಸದೇನೂ ಹುಟ್ಟದಿದ್ದಾಗ ನಿಲ್ಲುತ್ತದೆ. ನಿಂತು, ಪೊನ್ನಪ್ಪನಿಗೆ ಪೊನ್ನಪ್ಪನೇ ಪೂರ್ವಜ ಅಂತ ಗಂಭೀರವಾಗಿ ಹೇಳುತ್ತದೆ! ಅದೂ ಬಲು ಬೇಗ.

ಹಾಗಾಗಿ ನಾನು ಮೊದಲು ಕೇಳುವುದು, ‘ಇದು ಹೇಗೆ ಬಂತು’ ಅಂದರೆ ತೋರಿಸುತ್ತದಾ? ಯಾವ ಸಾಲಿನಿಂದ, ಯಾವ ನಿಯಮದಿಂದ? ತೋರಿಸಿದರೆ ತಪ್ಪು ಎರಡು ನಿಮಿಷದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ವಂಶವೃಕ್ಷ ಬರೆದಿಟ್ಟ ಹಳೇ ಪುಸ್ತಕ ಹಿಡಿದು ಕೂರಬೇಕು.

‘ಅಲ್ಲ’ ಅನ್ನುವ ಉತ್ತರ ಇನ್ನೂ ಅಪಾಯ. ಒಂದೇ ಒಕ್ಕದೊಳಗೆ ನಾವು ಮದುವೆ ಮಾಡುವುದಿಲ್ಲ. ಡೇಟಾಲಾಗ್ ಮಾತ್ರ ಬರೆದಿಲ್ಲದ್ದನ್ನು ಇಲ್ಲವೇ ಇಲ್ಲ ಅಂತ ಹಿಡಿಯುತ್ತದೆ. ಆ ಪುಸ್ತಕದ ಒಂದು ಪುಟ ಗೆದ್ದಲು ತಿಂದಿದ್ದರೆ, ಇವರಿಬ್ಬರಿಗೆ ಸಂಬಂಧವಿಲ್ಲ, ಮದುವೆ ಮಾಡಿ ಅಂದುಬಿಡುತ್ತದೆ. ಅದಕ್ಕೇ ನಾನು ಪರೀಕ್ಷೆ ಮಾಡುವಾಗ ಬೇಕಂತಲೇ ಒಂದು ಪುಟ ತೆಗೆದಿಟ್ಟು ಡೇಟಾ ಕೊಡುತ್ತೇನೆ. ಅದೇನು ಹೇಳುತ್ತೆ ನೋಡೋಣ ಅಂತ.