ಥಂಡಿಯೋ, ಚಳಿಯೋ?

ಕೇಳುಗರಿಗೆ ನಮಸ್ಕಾರ.

ರಾಯಚೂರಿನವರು ರೇಡಿಯೋದಲ್ಲಿ ಕೂತು ಚಳಿಯ ಬಗ್ಗೆ ಮಾತಾಡುತ್ತಾರೆ ಅಂದರೆ ಬೀದರಿನವರು ನಗಬಹುದು. ಮಡಿಕೇರಿಯವರು ರೇಡಿಯೋ ಆರಿಸಿಯೇ ಬಿಡಬಹುದು. ನಗಲಿ ಬಿಡಿ. ನಮ್ಮೂರಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುವ ಹಳೆಯ ಜೋಕನ್ನು ನಾವೇ ಹೇಳಿಕೊಂಡು ನಕ್ಕವರು. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಬಿಸಿಲು ಉಂಡ ಮೈಗೆ ಡಿಸೆಂಬರಿನ 16 ಡಿಗ್ರಿ ಅಂದರೆ ಸಣ್ಣ ಮಾತಲ್ಲ. ಬೆಳಿಗ್ಗೆ ಆರಕ್ಕೆ ಮಫ್ಲರ್, ಹನ್ನೆರಡಕ್ಕೆ ಫ್ಯಾನ್, ರಾತ್ರಿ ಎಂಟಕ್ಕೆ ಮತ್ತೆ ಕೌದಿ. ಇದು ಒಂದೇ ದಿನದ ಕಥೆ. ಮಾರನೇ ದಿನ ಆಕಾಶದಲ್ಲಿ ಮೋಡ ಬಂದರೆ ಈ ಲೆಕ್ಕವೂ ಉಲ್ಟಾ.

ಇವತ್ತು ಹೇಳಬೇಕಿರುವುದು ಈ ಚಂಚಲ ಚಳಿಯ ಬಗ್ಗೆ, ಮತ್ತೆ ಅದನ್ನು ಏನಂತ ಕರೀಬೇಕು ಅಂತ ದಿನಾ ಜಗಳ ತೆಗೆಯುವ ಒಬ್ಬ ಮಾಸ್ತರ ಬಗ್ಗೆ. ಹೆಸರು ಬೇಡ. ಕನ್ನಡ ಕಲಿಸಿ ನಿವೃತ್ತರಾದವರು. ತೀನ್ ಕಂದೀಲ್ ಹತ್ತಿರದ ಒಂದು ಚಾ ಅಂಗಡಿಯಲ್ಲಿ ಬೆಳಿಗ್ಗೆ ಸಿಗುತ್ತಾರೆ. ಅವರ ಮುಂದೆ ಬಾಯಿ ಬಿಟ್ಟರೆ ಕೆಂಪು ಪೆನ್ನು ಹೊರಗೆ ಬಂದ ಹಾಗೇ ಲೆಕ್ಕ.

ಅಂಗಡಿಯವನು ಗ್ಲಾಸು ಇಡುತ್ತಾ, “ಥಂಡಿ ಭಾಳ ಐತಲ್ರಿ ಸರ” ಅಂದ. ಶುರುವಾಯಿತು.

“ಥಂಡಿ ಅನ್ನಬ್ಯಾಡ ತಮ್ಮಾ. ಅದು ನಮ್ಮ ಮಾತಲ್ಲ. ಚಳಿ ಅನ್ನು.”

ಅಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯಚೂರಲ್ಲಿ ಬೆಳಿಗ್ಗೆ ಎದ್ದವನು ಹಾಲಿನವರ ಹತ್ತಿರ ಕನ್ನಡ, ತರಕಾರಿಯವರ ಹತ್ತಿರ ತೆಲುಗು, ಆಟೋದವರ ಹತ್ತಿರ ಉರ್ದು ಆಡಿ ಮನೆಗೆ ಬರುತ್ತಾನೆ. ಮೂರೂ ಬೇರೆ ಬೇರೆ ಭಾಷೆ ಅಂತ ಅವನಿಗೆ ನೆನಪೂ ಇರುವುದಿಲ್ಲ. ಕೂತಿರುವ ಜಾಗದ ಹೆಸರೇ ತೀನ್ ಕಂದೀಲ್, ಅಂದರೆ ಉರ್ದುವಿನಲ್ಲಿ ಮೂರು ಲಾಂದ್ರ. ಅಲ್ಲಿ ಕೂತು ಥಂಡಿಗೆ ಬಹಿಷ್ಕಾರ ಹಾಕುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ?

ಆದರೆ ಅಂಗಡಿಯವನು ಸುಮ್ನೆ ಬಿಡುವವನಲ್ಲ. “ಹಂಗಾರ ಈ ನೀರು ಹೆಂಗ ಅದಾವ್ರಿ ಸರ? ಚಳಿ ಅದಾವೇನು?” ಅಂತ ಕೇಳಿದ. ಮಾಸ್ತರು “ತಣ್ಣಗಿವೆ ಅನ್ನು” ಅಂದರು. ಉತ್ತರ ಸರಿಯೇ. ಆದರೂ ಹುಡುಗನ ಪ್ರಶ್ನೆಯಲ್ಲಿ ಹುರುಳಿದೆ. ಚಳಿ ಅನ್ನುವುದು ಮೈಗೆ ಆಗುವುದು. ಚಳಿಜ್ವರ ಅನ್ನುತ್ತೇವೆ, ಚಳಿ ಹತ್ತಿತು ಅನ್ನುತ್ತೇವೆ. ಚಳಿ ನೀರು, ಚಳಿ ರೊಟ್ಟಿ ಅಂತ ಯಾರೂ ಅನ್ನುವುದಿಲ್ಲ. ಥಂಡಿ ಹಾಗಲ್ಲ. ಗಾಳಿಯೂ ಥಂಡಿ, ನೀರೂ ಥಂಡಿ, ನೆಗಡಿ ಆದರೂ ಥಂಡಿ. ಮೂರು ಕಡೆ ದುಡಿಯುವ ಆಳನ್ನು ಮನೆಯಿಂದ ಯಾಕೆ ಓಡಿಸಬೇಕು?

ಅಷ್ಟರಲ್ಲಿ ಮಾಸ್ತರು “ಹವಾಮಾನ ಇಲಾಖೆಯವರೂ ಚಳಿ ಅಂತಲೇ ಹೇಳುವುದು” ಅಂತ ಸಾಕ್ಷಿ ತಂದರು. ಅಲ್ಲೇ ಸಿಕ್ಕಿಬಿದ್ದರು. ಹವಾ ಅನ್ನುವುದು ಅರಬ್ಬಿಯಿಂದ ಹೊರಟು ಪಾರಸಿ, ಉರ್ದು ದಾಟಿ ಬಂದ ಮಾತು. ಅದಕ್ಕೆ ಸಂಸ್ಕೃತದ ಮಾನ ಅಂಟಿಸಿ ಹವಾಮಾನ ಮಾಡಿಕೊಂಡಿದ್ದೇವೆ. ಇದನ್ನು ಹೇಳಿದ ಮೇಲೆ ಮಾಸ್ತರು ಚಾ ಊದಿ ಊದಿ ಕುಡಿದರು.

ಮಾತಿನ ಈ ತಕರಾರುಗಳಲ್ಲಿ ಎಲ್ಲವೂ ಸುಮ್ನೆ ತಕರಾರಲ್ಲ. ಕೆಲವಕ್ಕೆ ಹೊಲದಲ್ಲಿ, ಕಣದಲ್ಲಿ ಬೆಲೆ ಇದೆ. ಆ ಕೆಲವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು, ನಮ್ಮಲ್ಲಿ ಚಳಿ ಒಂದಲ್ಲ, ಎರಡು. ಒಂದು, ಆಕಾಶ ತಿಳಿಯಾಗಿರುವ ರಾತ್ರಿಯ ಚಳಿ. ಹಗಲೆಲ್ಲ ನೆಲ ಕುಡಿದ ಕಾವು ರಾತ್ರಿ ಸೀದಾ ಮೇಲಕ್ಕೆ ಹೋಗಿಬಿಡುತ್ತದೆ. ಗಾಳಿ ಆಡದಿದ್ದರೆ ಬೆಳಗಿನ ಜಾವಕ್ಕೆ ಹಲ್ಲು ಕಟಕಟ. ಇನ್ನೊಂದು, ಮೋಡದ ಚಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಎಷ್ಟೋ ಸಲ ನಮ್ಮ ತಲೆ ಮೇಲೂ ಮಬ್ಬು ಬಂದು ನಿಲ್ಲುತ್ತದೆ. ಬಿಸಿಲು ಬೀಳುವುದಿಲ್ಲ, ಹಗಲು ಮೇಲೇಳುವುದೇ ಇಲ್ಲ. ಮಧ್ಯಾಹ್ನ ಮೂರಕ್ಕೂ ಕಿವಿ ಮುಚ್ಚಿಕೊಂಡು ಓಡಾಟ. ಆದರೆ ರಾತ್ರಿ ಮೋಡ ಕೌದಿಯ ಹಾಗೆ ಹೊದ್ದಿರುವುದರಿಂದ ನೆಲದ ಕಾವು ಪೂರಾ ಹೋಗುವುದಿಲ್ಲ. ಕನಿಷ್ಠ ಉಷ್ಣಾಂಶ ಏರಿರುತ್ತದೆ.

ಆಗ ಅಂಗಡಿಯಲ್ಲಿ ಜಗಳ ನೋಡಬೇಕು. ಒಬ್ಬ ಪೇಪರ್ ತೋರಿಸುತ್ತಾನೆ, “ಕನಿಷ್ಠ 20 ಐತಿ, ಚಳಿ ಎಲ್ಲೈತಿ?” ಇನ್ನೊಬ್ಬ ಸ್ವೆಟರ್ ತೋರಿಸುತ್ತಾನೆ. ಇಬ್ಬರೂ ಸರಿ. ಪೇಪರಿನವನು ಹೇಳುತ್ತಿರುವುದು ರಾತ್ರಿಯ ಮಾತು, ಸ್ವೆಟರಿನವನು ಹಗಲಿನ ಮಾತು. ಇನ್ನೊಂದು ವಿಷಯ. ಇಲಾಖೆಯ ಉಷ್ಣಮಾಪಕ ನೆಲದ ಮೇಲೆ ಇರುವುದಿಲ್ಲ. ಜಾಲರಿ ಇರುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಮೇಲೆ ಇರುತ್ತದೆ. ತಿಳಿ ರಾತ್ರಿಯಲ್ಲಿ ನೆಲದ ಹತ್ತಿರ ಅದಕ್ಕಿಂತ ಥಂಡಿ. ಹೊಲದಲ್ಲಿ ಹತ್ತಿ ಕಾಯಲು ಮಲಗಿದವನು “ನಿಮ್ಮ ಪೇಪರ್ ಸುಳ್ಳು” ಅಂದರೆ ಅವನನ್ನು ಬೈಯಬೇಡಿ.

ಇನ್ನು ಶೀತಗಾಳಿ. ಟಿವಿಯವರಿಗೆ ಬಹಳ ಇಷ್ಟದ ಮಾತು. ಮಾಸ್ತರಿಗೆ ಇದರ ಮೇಲೆ ಸಿಟ್ಟು, ಈ ಸಿಟ್ಟಿಗೆ ನನ್ನ ಓಟೂ ಇದೆ. ಇಲಾಖೆಯ ಅಳತೆ ಪ್ರಕಾರ ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಬರಬೇಕು. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆ ಇರಬೇಕು. ರಾಯಚೂರು 10ಕ್ಕೆ ಇಳಿಯುವುದೇ ಅಪರೂಪ. ಆದರೂ ಯಾರೋ ಎರಡು ಸಲ ಸೀನಿದರೆ ಸಾಕು, “ಶೀತಗಾಳಿಗೆ ತತ್ತರಿಸಿದ ಜನ” ಅಂತ ಕೆಳಗೆ ಪಟ್ಟಿ ಓಡುತ್ತದೆ. ಬೆಂಗಳೂರಿನ ನಮ್ಮ ನೆಂಟರಿಗಂತೂ ಶೀತ ಅಂದರೆ ನೆಗಡಿ. ನಮ್ಮೂರಲ್ಲಿ ನೆಗಡಿಯ ಗಾಳಿ ಬೀಸುತ್ತಿದೆ ಅಂದುಕೊಂಡು ಫೋನ್ ಮಾಡಿ ಕಷಾಯ ಹೇಳಿಕೊಡುತ್ತಾರೆ.

ಈಗ ನಮ್ಮ ರೇಡಿಯೋದ ಮಾತಿಗೆ ಬರೋಣ. “ಒಂದೆರಡು ಕಡೆ ಹಗುರ ಮಳೆಯಾಗುವ ಸಾಧ್ಯತೆ ಇದೆ. ಉಳಿದೆಡೆ ಒಣಹವೆ.” ಇದನ್ನು ಕೇಳಿ ನಗದವರಿಲ್ಲ. ಒಂದೆರಡು ಕಡೆ ಅಂದರೆ ಎಲ್ಲಿ? ಬಂದರೂ ಸರಿ, ಬರದಿದ್ದರೂ ಸರಿ, ಜಾಣರ ಮಾತು ಅನ್ನುತ್ತಾರೆ. ನಿಜಕ್ಕೂ ಇದು ಜಾರಿಕೊಳ್ಳುವ ಮಾತಲ್ಲ, ಇದಕ್ಕೆ ಲೆಕ್ಕ ಇದೆ. ಒಂದು ಭಾಗದಲ್ಲಿರುವ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಳೆ ಕಂಡರೆ ಅದು ಒಂದೆರಡು ಕಡೆ. 26ರಿಂದ 50 ಆದರೆ ಕೆಲವು ಕಡೆ. 51ರಿಂದ 75 ಆದರೆ ಹಲವು ಕಡೆ. ಅದರ ಮೇಲೆ ಹೋದರೆ ಬಹುತೇಕ ಕಡೆ. ಮಾಸ್ತರಿಗೆ ಇದು ತಿಳಿದ ದಿನ ಹಬ್ಬ. ತಮಗಿಂತ ಹೆಚ್ಚು ಮಾತು ತೂಗುವವರು ಸಿಕ್ಕರಲ್ಲ!

ಇದಕ್ಕಿಂತ ಮಜಾ ಇನ್ನೊಂದಿದೆ. ಇಲಾಖೆಯ ಪುಸ್ತಕದಲ್ಲಿ ಮಳೆಯ ದಿನ ಅನ್ನಿಸಿಕೊಳ್ಳಬೇಕಾದರೆ 24 ಗಂಟೆಯಲ್ಲಿ 2.5 ಮಿಲಿಮೀಟರ್ ಆದರೂ ಬೀಳಬೇಕು. ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಡಿಸೆಂಬರಿನ ಮಬ್ಬಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಜಿಟಿಜಿಟಿ ಅಂತ ಹನಿದು, ಒಟ್ಟು ಎರಡು ಮಿಲಿಮೀಟರ್ ಆದರೆ ಅದು ಮಳೆಯ ದಿನವೇ ಅಲ್ಲ. ಮಾನ್ವಿ ಕಡೆಯ ರೈತರೊಬ್ಬರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. ಭತ್ತ ಕೊಯ್ದು ರಸ್ತೆ ಬದಿ ಹರವಿದ್ದರು. ತಾಡಪತ್ರಿ ಎಳೆದು ಮುಚ್ಚುವಷ್ಟರಲ್ಲಿ ಅರ್ಧ ರಾಶಿ ನೆಂದಿತ್ತು. “ಸರ, ನಿಮ್ಮ ಲೆಕ್ಕದಾಗ ಮಳಿ ಬಂದಿಲ್ಲ. ಇದನ್ನ ತಗೊಳ್ಳೋ ವ್ಯಾಪಾರಿ ಲೆಕ್ಕದಾಗ ಬಂದೈತಿ” ಅಂದರು. ತೇವ ಜಾಸ್ತಿ ಇದ್ದರೆ ದರ ಇಳಿಯುತ್ತದೆ. ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ಕಾಲುವೆ ನೀರಿಗೆ ಭತ್ತ ಬೆಳೆದವರಿಗೆಲ್ಲ ಇದು ಗೊತ್ತು. ಕಣದಲ್ಲಿ ಮೆಣಸಿನಕಾಯಿ ಹಾಕಿದವರಿಗೆ ಇನ್ನೂ ಚೆನ್ನಾಗಿ ಗೊತ್ತು. ನೆಂದರೆ ಬಣ್ಣವೇ ಹೋಗುತ್ತದೆ.

ಇಂಥ ಮಳೆಯನ್ನು ಪೇಪರಿನವರು ಅಕಾಲಿಕ ಮಳೆ ಅನ್ನುತ್ತಾರೆ. ಮಾಸ್ತರು ಇಲ್ಲೂ ಅಡ್ಡ ಬಂದರು. ಅಕ್ಟೋಬರಿನಿಂದ ಡಿಸೆಂಬರ್ ಹಿಂಗಾರಿನ ಕಾಲ. ಹಿಂಗಾರಿನಲ್ಲಿ ಮಳೆ ಬಂದರೆ ಅದು ಸಕಾಲಿಕವೇ ಅಲ್ಲವೇ? ವಾದ ಸರಿ, ಆದರೆ ನಾನು ಒಪ್ಪುವುದಿಲ್ಲ. ಕಾಲ ಅನ್ನುವುದು ಮೋಡದ ಕಾಲ ಮಾತ್ರ ಅಲ್ಲ, ಬೆಳೆಯ ಕಾಲವೂ ಹೌದು. ಅಕ್ಟೋಬರಿನಲ್ಲಿ ಎರೆ ಹೊಲದ ಜೋಳ, ಕಡಲೆಗೆ ಬಿದ್ದರೆ ಕೈಮುಗಿಯುವ ಮಳೆ, ಡಿಸೆಂಬರಿನಲ್ಲಿ ಅರಳಿದ ಹತ್ತಿಯ ಮೇಲೆ ಬಿದ್ದರೆ ಅಕಾಲಿಕವೇ. ಈ ವಿಷಯದಲ್ಲಿ ತೀರ್ಪು ಹೇಳಬೇಕಾದವರು ಹತ್ತಿ ಬಿಡಿಸುವವರು, ವ್ಯಾಕರಣದವರಲ್ಲ.

ಆದರೆ ಇಬ್ಬನಿಯ ವಿಷಯದಲ್ಲಿ ಮಾಸ್ತರೇ ಗೆದ್ದರು. ನಾವೆಲ್ಲ ಮಂಜು ಬಿದ್ದಿದೆ ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ಅವರು ಬಿಡಿಸಿ ಹೇಳಿದರು. ಗಾಳಿಯಲ್ಲಿ ನಿಂತು ಎದುರಿನ ದಾರಿ ಮುಚ್ಚುವುದು ಮಂಜು. ಒಂದು ಕಿಲೋಮೀಟರ್ ಆಚೆ ಕಾಣದಿದ್ದರೆ ಇಲಾಖೆ ಅದನ್ನು ಮಂಜಿನ ಲೆಕ್ಕಕ್ಕೆ ತಗೊಳ್ಳುತ್ತದೆ. ಇಬ್ಬನಿ ಎಲೆಯ ಮೇಲೆ ಕೂತಿರುವುದು. ಅದು ಬೀಳುವುದೂ ಇಲ್ಲ. ತಣ್ಣಗಾದ ಎಲೆಯ ಮೇಲೆ ಅಲ್ಲೇ ಕಟ್ಟುತ್ತದೆ. ಹಾಗಾಗಿ ತಿಳಿ ಆಕಾಶ, ಗಾಳಿ ಇಲ್ಲದ ರಾತ್ರಿ ಬೇಕು. ಮೋಡ ಇದ್ದರೆ ಇಬ್ಬನಿ ಕಡಿಮೆ.

ಇದು ಸುಮ್ನೆ ಪಾಂಡಿತ್ಯ ಅಲ್ಲ. ಕಡಲೆ ಹೊಲ ನೋಡಿದವರಿಗೆ ಗೊತ್ತು. ಕಡಲೆ ಗಿಡದ ಮೈಮೇಲಿನ ಸಣ್ಣ ಕೂದಲು ಹುಳಿ ಒಸರುತ್ತದೆ. ಹಿಂದಿನವರು ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹರವಿ, ಬೆಳಗಿನ ಜಾವ ಇಬ್ಬನಿಯ ಜೊತೆ ಆ ಹುಳಿ ಹಿಂಡಿ ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆನೋವಿಗೆ ಮನೆಮದ್ದು. ಬೆಳಿಗ್ಗೆ ಕಡಲೆ ಹೊಲದಲ್ಲಿ ಅಡ್ಡಾಡಿದರೆ ಕಾಲು ಉರಿಯುವುದೂ ಅದರಿಂದಲೇ. ಮಬ್ಬಿನ ಮಳೆ ಬಂದರೆ ಈ ಹುಳಿ ತೊಳೆದು ಹೋಗುತ್ತದೆ ಅಂತ ರೈತರಿಗೆ ಚಿಂತೆ. ತೊಗರಿಯವರಿಗೆ ಬೇರೆ ಚಿಂತೆ. ಹೂವಿನ ಹೊತ್ತಲ್ಲಿ ಮೋಡ ಕವಿದು ನಿಂತರೆ ಹೂ ಉದುರುತ್ತದೆ, ಕಾಯಿಕೊರಕ ಹುಳ ಜಾಸ್ತಿಯಾಗುತ್ತದೆ. ಹೀಗಾಗಿ ನಮ್ಮ ಕಡೆ ಹೊಲದವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ಎಲೆ. ಎಲೆ ಒದ್ದೆ ಇದ್ದು ಆಕಾಶ ತಿಳಿ ಇದ್ದರೆ ನೆಮ್ಮದಿ. ಅವರಿಗೆ ಥಂಡಿ ಜಾಸ್ತಿ ಆಯಿತು ಅನ್ನುವುದು ದೂರಲ್ಲ, ಸಂತೋಷ.

ಚಂಡಮಾರುತಗಳ ಹೆಸರಿನ ಪುರಾಣ ಹೇಳದಿದ್ದರೆ ಮಾಸ್ತರು ಕೋಪಿಸಿಕೊಳ್ಳುತ್ತಾರೆ. ನಮ್ಮ ಸುತ್ತಿನ ಸಮುದ್ರದ ಚಂಡಮಾರುತಗಳಿಗೆ 13 ದೇಶಗಳು ಸೇರಿ ಹೆಸರು ಕೊಡುತ್ತವೆ. ಒಂದೊಂದು ದೇಶ 13 ಹೆಸರು, ಒಟ್ಟು 169. 2020ರಲ್ಲಿ ಪಟ್ಟಿ ಬಂತು. ಹೆಸರು ಹೇಳಲು ಸುಲಭವಾಗಿರಬೇಕು ಅಂತ ನಿಯಮವೂ ಇದೆ. 2023ರ ಡಿಸೆಂಬರ್ 5ರಂದು ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿದ್ದಕ್ಕೆ ಮ್ಯಾನ್ಮಾರ್ ಕೊಟ್ಟ ಹೆಸರು. ಇಂಗ್ಲಿಷ್ ಅಕ್ಷರ ನೋಡಿದವರು ಮಿಚಾಂಗ್ ಅಂದರು. ಇಲಾಖೆಯವರು ಮಿಗ್ಜಾಮ್ ಅನ್ನಿ ಅಂದರು. ಮಾರನೇ ವರ್ಷ ನವೆಂಬರ್ 30ರಂದು ಪುದುಚೇರಿ ಹತ್ತಿರ ಇನ್ನೊಂದು. ಸೌದಿ ಅರೇಬಿಯಾ ಕೊಟ್ಟ ಹೆಸರು. ಫೆಂಗಲ್ ಅಂದವರಿಗೆ ಫೆಂಜಲ್ ಅನ್ನಿ ಅಂದರು. ಮಾಸ್ತರು ಎರಡೂ ಸಲ ಪೇಪರಿನ ಮೇಲೆ ಪೆನ್ನಿನಲ್ಲಿ ತಿದ್ದಿ ಅಂಗಡಿಯ ಗೋಡೆಗೆ ಅಂಟಿಸಿದರು. ಅಂಗಡಿಯವನು ಓದಿ, “ಯಾವುದಾರ ಬರಲಿ ಸರ, ಮಿರ್ಚಿ ಎರಡು ಪ್ಲೇಟ್ ಜಾಸ್ತಿ ಹೋಗ್ತಾವ” ಅಂದ.

ಕೊನೆಯದಾಗಿ ದೊಡ್ಡ ತಕರಾರು. ಚಳಿಗಾಲ ಅಂದರೆ ಯಾವಾಗ? ಇಲಾಖೆಯ ಪ್ರಕಾರ ಚಳಿಗಾಲ ಜನವರಿ ಮತ್ತು ಫೆಬ್ರವರಿ. ಡಿಸೆಂಬರ್ ಲೆಕ್ಕಕ್ಕಿಲ್ಲ! ನಾವು ಹಲ್ಲು ಕಡಿಯುವ ಡಿಸೆಂಬರ್ ಹಿಂಗಾರಿನ ಖಾತೆಗೆ ಹೋಯಿತು. ಮಧ್ಯಾಹ್ನ ಬೆವರುವ ಫೆಬ್ರವರಿ ಚಳಿಗಾಲದ ಖಾತೆಗೆ ಬಂತು. ಮಾಸ್ತರು ಪಂಚಾಂಗ ತಗೆದರು. ಮಾರ್ಗಶಿರ, ಪುಷ್ಯ ಹೇಮಂತ. ಮಾಘ, ಫಾಲ್ಗುಣ ಶಿಶಿರ. ಇದು ನಮ್ಮ ಮೈಗೆ ಸ್ವಲ್ಪ ಹತ್ತಿರ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಪುಷ್ಯದಲ್ಲಿ ಹೋಗಿ ರಾತ್ರಿ ಬಯಲಲ್ಲಿ ಕೂತವರು ಸಾಕ್ಷಿ ಹೇಳುತ್ತಾರೆ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಅನ್ನುವ ಗಾದೆಯನ್ನು ಯಾರೋ ಎತ್ತಿದರು. ಅದಕ್ಕೂ ತಕರಾರು. 2024ರಲ್ಲಿ ಶಿವರಾತ್ರಿ ಬಂದದ್ದು ಮಾರ್ಚ್ 8ಕ್ಕೆ. ಅಷ್ಟೊತ್ತಿಗೆ ರಾಯಚೂರಲ್ಲಿ ಶಿವ ಶಿವಾ ಅನ್ನುತ್ತಿದ್ದವರು ನಾವು.

ಅಂಗಡಿಯವನಿಗೆ ಅವನದೇ ಲೆಕ್ಕ. ಚಾ ಕಮ್ಮಿಯಾಗಿ ನಿಂಬು ಸೋಡಾ ಜಾಸ್ತಿ ಹೋದ ದಿನ ಚಳಿಗಾಲ ಮುಗೀತು.

“ನಿಂಬು ಅಲ್ಲ ತಮ್ಮಾ, ನಿಂಬೆ” ಅಂದರು ಮಾಸ್ತರು.

“ಆತ್ರಿ ಸರ. ಸೋಡಾಕ್ಕ ಏನಂತೀರಿ?”

ಮಾಸ್ತರು ನಾಳೆ ಹೇಳುತ್ತೇನೆ ಅಂತ ಎದ್ದು ಹೋಗಿದ್ದಾರೆ. ನಮಸ್ಕಾರ.