ಒರೆಸುವ ಮುಂಚೆ ಎತ್ತಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಮಹಡಿ ಹತ್ತುತ್ತೀರಿ. ಕಟ್ಟೆ ಮೇಲೆ ಕಪ್ಪು ಪುಡಿ ಕೂತಿರುತ್ತದೆ. ಏನು ಮಾಡುತ್ತೀರಿ? ಒದ್ದೆ ಬಟ್ಟೆ ತಂದು ಒರೆಸಿಬಿಡುತ್ತೀರಿ. ಅಲ್ಲಿಗೆ ಅದು ಯಾರ ಹೊಗೆ ಎಂದು ಹೇಳುವ ಸಾಕ್ಷಿ ಚರಂಡಿ ಸೇರಿತು. ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಒರೆಸುವ ಮುಂಚೆ ಒಂದು ಚಿಟಿಕೆ ಎತ್ತಿಡಿ.

ಹೊಗೆಗೂ ಕೊಳಚೆಗೂ ಹುಟ್ಟಿದ ಜಾಗದ ಗುರುತು ಇರುತ್ತದೆ. ಟೈರ್ ಸುಟ್ಟ ಮಸಿಯಲ್ಲಿ ಜಿಂಕ್ ಇರುತ್ತದೆ, ಅಂದರೆ ಸತು. ರಬ್ಬರ್ ಗಟ್ಟಿಯಾಗಲೆಂದು ಟೈರ್ ಮಾಡುವಾಗಲೇ ಜಿಂಕ್ ಆಕ್ಸೈಡ್ ಬೆರೆಸುತ್ತಾರೆ. 100 ಕೆ.ಜಿ. ಟೈರಿನಲ್ಲಿ ಒಂದೆರಡು ಕೆ.ಜಿ. ಜಿಂಕ್ ಇದ್ದೇ ಇರುತ್ತದೆ. ಕಟ್ಟಿಗೆ, ಭತ್ತದ ಹೊಟ್ಟು ಸುಟ್ಟರೆ ಪೊಟ್ಯಾಸಿಯಂ. ಲಾರಿಗಳ ಬ್ರೇಕ್ ಸವೆದ ಧೂಳಿನಲ್ಲಿ ತಾಮ್ರ, ಆಂಟಿಮನಿ, ಬೇರಿಯಂ. ಇವನ್ನು ಪ್ರಯೋಗಾಲಯದಲ್ಲಿ ಮಸಿ, ನೀರು ಪರೀಕ್ಷಿಸುವ ನಾವು ಟ್ರೇಸರ್ ಅನ್ನುತ್ತೇವೆ. ದನಕ್ಕೆ ಹಾಕಿದ ಮುದ್ರೆ ಇದ್ದ ಹಾಗೆ, ಎಲ್ಲಿಗೆ ಹೋದರೂ ಯಾರದು ಎಂದು ಹೇಳುತ್ತದೆ.

ದಾವಣಗೆರೆಯ ಒಬ್ಬ ತಾಯಿಯ ವಿಷಯ ಹೇಳಬೇಕು. ಬೇಸಿಗೆ ಶುರುವಾಗುವ ಹೊತ್ತು. ಮಹಡಿ ಮೇಲೆ ಹಳೇ ಸೀರೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಸಂಜೆ ಹೊತ್ತಿಗೆ ಒಂದೊಂದು ಸಂಡಿಗೆ ಮೇಲೂ ಸಾಸಿವೆ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ನನ್ನ ಹತ್ತಿರ ಬಂದು, "ಸಂಡಿಗಿ ಎಲ್ಲಾ ಕಪ್ಪಾಗ್ಯಾವ್ರೀ ಸಾರ್, ಇದು ಯಾರ ಹೊಗಿ ಹೇಳ್ರಿ ನೋಡೋಣ" ಅಂದರು. ಮನೆ ಹಿಂದೆಯೇ ಒಂದು ಮಂಡಕ್ಕಿ ಭಟ್ಟಿ. ಆ ಭಟ್ಟಿಯವರ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದರು.

ಮಸಿ ತಂದಿದ್ದೀರಾ ಎಂದು ಕೇಳಿದೆ. ತಂದಿದ್ದರು. ಎಲ್ಲಿಂದ? ಬಚ್ಚಲುಮನೆಯ ತಗಡಿನ ಮೇಲಿಂದ ಗುಡಿಸಿ. ಅಯ್ಯೋ ತಾಯಿ, ಆ ತಗಡಿಗೇ ಜಿಂಕ್ ಲೇಪ ಇರುತ್ತದಲ್ಲ! ಜಿಂಕ್ ಹುಡುಕುವವನಿಗೆ ಜಿಂಕ್ ತಗಡಿನ ಕಸ ಕೊಟ್ಟರೆ ಏನು ಪ್ರಯೋಜನ? ಅದನ್ನು ಪಕ್ಕಕ್ಕಿಟ್ಟು ಮೊದಲಿಂದ ಶುರು ಮಾಡಿದೆವು. ನಾಲ್ಕು ಮನೆಗಳ ಮಹಡಿಯಲ್ಲಿ ನಾಲ್ಕು ಸ್ಟೀಲ್ ತಟ್ಟೆ, ಪ್ರತಿ ತಟ್ಟೆಯಲ್ಲೂ ಒಂದು ಬಿಳಿ ಫಿಲ್ಟರ್ ಕಾಗದ, ಹಾರದಂತೆ ಅಂಚಿಗೆ ನಾಲ್ಕು ಬೆಣಚುಕಲ್ಲು. ನಮ್ಮ ಭಟ್ಟಿಯವರನ್ನೂ ಮರೆಯಲಿಲ್ಲ, ಅವರ ಒಲೆಯ ಬೂದಿಯನ್ನೂ ಒಂದು ಚಮಚ ಕೇಳಿ ಪಡೆದೆವು. ಪಾಪ, ಕೇಳಿದ ಕೂಡಲೇ ಕೊಟ್ಟರು.

ಒಂದು ವಾರ ಬಿಟ್ಟು ಪ್ರಯೋಗಾಲಯದಲ್ಲಿ ನೋಡಿದರೆ, ಆ ಭಟ್ಟಿಯ ಬೂದಿಯಲ್ಲಿ ಬರೀ ಹೊಟ್ಟಿನ ಗುರುತು. ಸಿಲಿಕಾ, ಪೊಟ್ಯಾಸಿಯಂ, ಅಷ್ಟೇ. ಜಿಂಕ್ ಹೆಸರಿಗಷ್ಟೇ. ಆದರೆ ಸಂಡಿಗೆ ಮನೆಯ ಕಾಗದದಲ್ಲಿ ಜಿಂಕ್ ತುಂಬಿಕೊಂಡಿತ್ತು. ರಸ್ತೆ ಧೂಳಿನದ್ದಿರಬಹುದಾ? ಟೈರ್ ಸವೆದರೂ ಜಿಂಕ್ ಬರುತ್ತದೆ. ಆದರೆ ರಸ್ತೆಯದ್ದಾದರೆ ಬ್ರೇಕಿನ ಆಂಟಿಮನಿ, ಬೇರಿಯಂ ಜೊತೆಗೇ ಬರಬೇಕು. ಅವು ಇರಲಿಲ್ಲ. ಸುಟ್ಟ ಟೈರೇ. ಪಡುವಣದ ಕಡೆಯ ತಟ್ಟೆಗಳಲ್ಲಿ ಜಿಂಕ್ ಏರುತ್ತಾ ಹೋಗಿತ್ತು. ಆ ದಿಕ್ಕಿಗೆ ನಡೆದರೆ ಎರಡು ಬೀದಿ ಆಚೆ ಟೈರ್ ಚೂರು ರಾಶಿ ಹಾಕಿಕೊಂಡ ಇನ್ನೊಂದು ಒಲೆ. ಎರಡು ವರ್ಷ ಬೈಸಿಕೊಂಡವರು ಬೇರೆ, ಸುಟ್ಟವರು ಬೇರೆ! ಟೈರ್ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಆ ಒಲೆ ಮುಂದೆ ಕೂರುವ ಕೂಲಿಯವರು ಎನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಗುರುತು ಹಿಡಿದು ಮೂಲ ಹುಡುಕುವುದು ಹೊಸ ವಿದ್ಯೆಯಲ್ಲ. ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ನೆಲದೊಳಗೆ ಇಂಗಿಹೋಗುತ್ತದೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ತಕರಾರು. 1877ರಲ್ಲಿ 10 ಕೆ.ಜಿ. ಫ್ಲೋರೆಸಿನ್ ಬಣ್ಣವನ್ನು ಅಲ್ಲಿ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ 12 ಕಿಲೋಮೀಟರ್ ಆಚೆ ಆಖ್ ಎಂಬ ಊರಿನ ಬುಗ್ಗೆಯಲ್ಲಿ ಹಸಿರು ನೀರು ಉಕ್ಕಿತು. ಅವರು ಬಣ್ಣ ತಾವೇ ಹಾಕಿದರು. ನಮಗೆ ಆ ಕಷ್ಟವೂ ಇಲ್ಲ, ಮಲಿನ ಮಾಡುವವರೇ ಗುರುತು ಬೆರೆಸಿ ಕಳಿಸುತ್ತಾರೆ.

ಸಮಯ ಕಡಿಮೆ ಇದೆ, ನೀರಿನ ಮಾತು ಬೇಗ ಮುಗಿಸುತ್ತೇನೆ. ಬೋರ್‌ವೆಲ್‌ನಲ್ಲಿ ನೈಟ್ರೇಟ್, ಅಂದರೆ ಸಾರಜನಕದ ಲವಣ, ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಅದು ಯೂರಿಯಾದ್ದೋ ಶೌಚದ ಗುಂಡಿಯದ್ದೋ ಎಂದು ಹೇಳಬಹುದು. ಸಾರಜನಕದ ಪರಮಾಣುಗಳಲ್ಲಿ ಹಗುರ, ಭಾರ ಎಂದು ಎರಡು ಬಗೆ. ಯೂರಿಯಾದ ಸಾರಜನಕ ಗಾಳಿಯಿಂದ ಬಂದದ್ದು, ಅದರಲ್ಲಿ ಇವೆರಡೂ ಹೆಚ್ಚುಕಡಿಮೆ ಗಾಳಿಯಲ್ಲಿರುವ ಅಳತೆಯಲ್ಲೇ ಇರುತ್ತವೆ. ಸಗಣಿ, ಮಲದಲ್ಲಿ ಹಗುರ ಸಾರಜನಕ ಅಮೋನಿಯಾ ಆಗಿ ಹಾರಿಹೋಗಿ ಭಾರದ್ದು ಉಳಿಯುತ್ತದೆ. ಚಿತ್ರದುರ್ಗದ ಕಡೆಯವರಿಗೆ ಇನ್ನೊಂದು ಮಾತು: ನಿಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಬಂಡೆಯೊಳಗಿಂದಲೇ ಬರುವಂಥದ್ದು. ಅದಕ್ಕೆ ಯಾವ ಕಾರ್ಖಾನೆಯನ್ನೂ ದೂರಬೇಡಿ. ನೀರು ಕುದಿಸಿದರೂ ಅದು ಹೋಗುವುದಿಲ್ಲ.

ಹರಿಹರದ ಹತ್ತಿರ ಹೊಳೆಯಲ್ಲಿ ಮೀನು ತೇಲಿದ್ದು ಕಂಡರೆ ಮೊದಲು ಫೋಟೋ ಅಲ್ಲ, ನೀರು ಹಿಡಿಯಿರಿ. ಮೂರು ದಿನ ಬಿಟ್ಟು ಜ್ಯೂಸ್ ಬಾಟಲಿಯಲ್ಲಿ ತಂದರೆ ನಾನು ಏನು ಹೇಳಲಿ? ಹೊಸ ಬಾಟಲಿಯನ್ನು ಅದೇ ಹೊಳೆ ನೀರಿನಲ್ಲಿ ಮೂರು ಸಲ ಗಲಬರಿಸಿ, ಗಾಳಿ ಉಳಿಯದಂತೆ ತುಂಬಿ. ಕೊಳಚೆ ಸೇರುವ ಜಾಗದ ಮೇಲ್ಗಡೆ ಒಂದು, ಕೆಳಗಡೆ ಒಂದು. ಮಂಜುಗಡ್ಡೆಯಲ್ಲಿಟ್ಟು ಅವತ್ತೇ ತನ್ನಿ. ಹೊಗೆ ಮಸಿಯಾದರೆ ಸ್ಟೀಲ್ ತಟ್ಟೆಯಿಂದ, ತಗಡಿನ ಮೇಲಿಂದ ಬೇಡ. ಪೊಟ್ಟಣದ ಮೇಲೆ ಊರು, ತಾರೀಕು, ಗಂಟೆ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಇಷ್ಟು ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಶಾಯಿ ನೀರು ತಾಗಿದರೆ ಅಳಿಸಿಹೋಗಬಹುದು.

ನಮಸ್ಕಾರ.