ಮೂತ್ರ ಕಪ್ಪಾದರೆ ಮಾತ್ರೆಯ ಹೆಸರು ಹೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಈಗ ರಸ್ತೆಗೊಂದು ಲ್ಯಾಬ್. ಬೆಳಗಾಗುತ್ತಲೇ ಖಾಲಿ ಹೊಟ್ಟೆಯಲ್ಲಿ ಜನ ಸಾಲು ನಿಂತಿರುತ್ತಾರೆ. ಹೆಸರು, ವಯಸ್ಸು, ಫೋನ್ ನಂಬರ್ ಎಲ್ಲ ಬರೆಸುತ್ತಾರೆ. ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಕೇಳುವವರೂ ಕಡಿಮೆ, ತಾವಾಗಿ ಹೇಳುವವರೂ ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಮಂಗಳೂರಿನಲ್ಲಿ ಕಟ್ಟಡದ ಕೆಲಸ ಮುಗಿಸಿ ಇಲ್ಲಿಗೆ ಬಂದವರೊಬ್ಬರಿಗೆ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಅಂದುಕೊಳ್ಳಿ. ಯಕೃತ್ತಿನಲ್ಲಿ ಅಡಗಿ ಕೂತ ರೋಗಾಣುವನ್ನು ಕೊಲ್ಲಲು 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಒಳ್ಳೆಯ ಔಷಧಿ, ಬೇಕಾದದ್ದೇ. ಆದರೆ ಕೆಲವರಲ್ಲಿ ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಅಂಥವರ ಕೆಂಪು ರಕ್ತಕಣಗಳು ಈ ಮಾತ್ರೆಗೆ ತಾಳಲಾರದೆ ಒಡೆಯುತ್ತವೆ. ಕೆಲವೇ ದಿನಗಳಲ್ಲಿ ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಕೂಡ ಹೀಗೆ ಮಾಡಬಲ್ಲದು.

ಲ್ಯಾಬಿನಲ್ಲಿ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿಯನ್ನು ಮೂತ್ರಕ್ಕೆ ಅದ್ದಿದರೆ ಹಳದಿ ಚೌಕ ಹಸಿರಾಗುತ್ತದೆ, ರಕ್ತ ಇದೆ ಅಂತ. ಅಷ್ಟಕ್ಕೇ ನಿಲ್ಲಿಸಿದರೆ ಕಲ್ಲು, ಸೋಂಕು ಅಂತ ದಾರಿ ತಪ್ಪಬಹುದು. ಅದೇ ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದ ಗಸಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೆಂಪುಕಣ ಹುಡುಕಿದರೂ ಸಿಗುವುದಿಲ್ಲ. ಮೇಲಿನ ತಿಳಿ ಮಾತ್ರ ಕೆಂಪಾಗಿಯೇ ಇರುತ್ತದೆ. ಅದು ಒಡೆದ ಕಣಗಳಿಂದ ಸೋರಿದ ಹಿಮೋಗ್ಲೋಬಿನ್. ಸ್ನಾಯು ಜಜ್ಜಿದಾಗಲೂ ಹೀಗೇ ಕಾಣುವುದುಂಟು, ರಕ್ತಪರೀಕ್ಷೆ ಅದನ್ನು ಬೇರ್ಪಡಿಸುತ್ತದೆ. ಮೂತ್ರ ಮಾತ್ರ ತಾಜಾ ಇರಬೇಕು, ಹೊತ್ತು ಕಳೆದರೆ ಇದ್ದ ಕಣಗಳೂ ಬಾಟಲಿಯಲ್ಲೇ ಒಡೆದುಹೋಗಬಹುದು.

ಮೂರ್ನಾಲ್ಕು ದಿನದ ಮೇಲೆ ಇನ್ನೊಂದು ಸಾಕ್ಷಿ ಬರುತ್ತದೆ. ಮೂತ್ರಪಿಂಡದ ನಾಳಗಳ ಒಳಪದರದ ಜೀವಕೋಶಗಳು ಆ ಹಿಮೋಗ್ಲೋಬಿನ್ ಹೀರಿ, ಒಡಲ ತುಂಬ ಕಬ್ಬಿಣ ಇಟ್ಟುಕೊಂಡು ಮೂತ್ರಕ್ಕೆ ಕಳಚಿ ಬೀಳುತ್ತವೆ. ಪ್ರಷ್ಯನ್ ಬ್ಲೂ ಬಣ್ಣ ಹಾಕಿದರೆ ಆ ಕಬ್ಬಿಣ ಕಡುನೀಲಿ ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಮೂತ್ರ ತಿಳಿಯಾದ ಮೇಲೂ ಆ ನೀಲಿ ಸಿಗುತ್ತದೆ. ಇಷ್ಟು ಸರಳವಾದ ಪರೀಕ್ಷೆಯನ್ನು ವೈದ್ಯರು ಹೆಚ್ಚು ಬರೆದುಕೊಡಬೇಕೆಂದು ನನ್ನ ಆಸೆ.

ಹಾಗಂತ ಬಣ್ಣ ಬದಲಾದರೆಲ್ಲ ಗಾಬರಿ ಬೇಡ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ಬಿಡಬೇಡಿ. ಕೋಲಾ ಬಣ್ಣ ಕಂಡರೆ ಮಾತ್ರ ಅಂದೇ ವೈದ್ಯರ ಬಳಿ ಹೋಗಿ, ಮಾತ್ರೆಯ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ.

ಜಿ6ಪಿಡಿ ಪರೀಕ್ಷೆಯನ್ನು ಕಣ ಒಡೆಯುವ ದಿನಗಳಲ್ಲೇ ಮಾಡಿಸಿದರೆ ನಾರ್ಮಲ್ ಅಂತ ಬರಬಹುದು. ಹಳೆಯ ಕಣಗಳು ಹೋಗಿ, ಕಿಣ್ವ ಹೆಚ್ಚಿರುವ ಎಳೆಯ ಕಣಗಳು ಉಳಿದಿರುತ್ತವೆ. ಆದ್ದರಿಂದ ಸುಮಾರು 3 ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ. ಇದು ಹೆಚ್ಚಾಗಿ ತಾಯಿಯಿಂದ ಗಂಡುಮಕ್ಕಳಿಗೆ ಬರುವ ಕೊರತೆ; ಅಣ್ಣತಮ್ಮಂದಿರಿಗೂ ಸೋದರಮಾವನಿಗೂ ಹೇಳಿ, ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ.